ಗಿರಾಕಿ ಬಂದ ಮೇಲೆ ಏಳುವ ಪ್ರೋಗ್ರಾಮು

ಒಟ್ಟು ಖರ್ಚು ಆರುನೂರು ರೂಪಾಯಿ ಮತ್ತು ನಾಲ್ಕು ಭಾನುವಾರ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮು ಪುಕ್ಕಟೆ. ಆರುನೂರು ಹೋದದ್ದು ಉಲ್ಹಾಸನಗರದ ಒಂದು ಹಳೆ ಹಾರ್ಡ್‌ಡಿಸ್ಕಿಗೆ. ಅಂಗಡಿಯವ ಒಂಬೈನೂರು ಹೇಳಿದ್ದ. ಮೊದಲು ಜೋಡಿಸಿ ಓಡಿಸಿ ತೋರಿಸು ಎಂದು ಅಲ್ಲೇ ಕೂತೆ. ಎರಡನೇ ಚಹಾದ ಹೊತ್ತಿಗೆ ಇಳಿದ. ಗಿರಾಕಿಯ ನಡೆಯುತ್ತಿರುವ ಡಿಸ್ಕಿನ ಮೇಲೆ ಪ್ರಯೋಗ ಮಾಡಬಾರದು, ನಕಲಿನ ಮೇಲೆ ಮಾಡಬೇಕು. ಆ ಖರ್ಚು ಅದಕ್ಕೆ.

ಗಿರಾಕಿ ಎಂದರೆ ಠಾಣೆ ಊರಿನ ಕೋಪರಿಯಲ್ಲಿ ಶಾಕಾಹಾರಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವರು. ನೌಕರಿ ಬಿಟ್ಟು ಡೊಂಬಿವಲಿಯಲ್ಲಿ ಸ್ವಂತ ಕೆಲಸ ಶುರು ಮಾಡಿದ್ದ ನನಗೆ ಅವರೊಬ್ಬರೇ ದೊಡ್ಡ ಗಿರಾಕಿ. ಅವರ ಹಳೆ ಕಂಪ್ಯೂಟರಿನಲ್ಲಿ ನಾನು ಬರೆದ ಐದು ಪ್ರೋಗ್ರಾಮು ಓಡುತ್ತಿದ್ದವು: ಬಿಲ್ಲು, ಪಾರ್ಸೆಲ್ಲು, ದಾಸ್ತಾನು, ಹಾಜರಿ, ಮದುವೆ ಆರ್ಡರು. ಮಧ್ಯಾಹ್ನ ಊಟದ ರಶ್ಶಿನಲ್ಲಿ ಮೆಮೊರಿ ಸಾಲದೆ ಬಿಲ್ಲು ಹೊರಗೇ ಬರುತ್ತಿರಲಿಲ್ಲ. ಆ ಬೋರ್ಡಿಗೆ ಹೆಚ್ಚಿನ ಮೆಮೊರಿ ಹಿಡಿಯುತ್ತಲೂ ಇರಲಿಲ್ಲ. ವಾಶಿಯ ಒಬ್ಬ ವ್ಯಾಪಾರಿ ಹೊಸ ಮಶೀನು, ಹೊಸ ಸಾಫ್ಟ್‌ವೇರು ಎರಡಕ್ಕೂ ರೇಟು ಕೊಟ್ಟು ಹೋಗಿದ್ದ. ಅವನು ಒಳಗೆ ಬಂದರೆ ನಾನು ಹೊರಗೆ.

ಹೊಸ ಮಶೀನು ಬೇಡ, ಒಂದು ತಿಂಗಳು ಕೊಡಿ ಎಂದು ಕೇಳಿಕೊಂಡೆ.

"ಕೊಡ್ತೇನೆ ಮಾರಾಯ. ಆಮೇಲೂ ಹೀಗೇ ಆದ್ರೆ ನೀನು ಇಲ್ಲಿಗೆ ಬರುವುದು ಕಾಫಿಗೆ ಮಾತ್ರ."

ಹೊಸ ಲಿನಕ್ಸ್‌ಗಳಲ್ಲಿ ಆಗ ಉಳಿದ ಪ್ರೋಗ್ರಾಮುಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ಬಂದಿತ್ತು. ಅದರಲ್ಲೊಂದು ಸೌಕರ್ಯವಿದೆ. ಪ್ರೋಗ್ರಾಮಿನ ಬಾಗಿಲನ್ನು, ಅಂದರೆ ಸಾಕೆಟ್ಟನ್ನು, ಅದೇ ಕಾಯುತ್ತದೆ. ಯಾರಾದರೂ ತಟ್ಟಿದಾಗ, ಅಂದರೆ ಅದರ ಪುಟ ತೆರೆದಾಗ ಮಾತ್ರ ಪ್ರೋಗ್ರಾಮನ್ನು ಎಬ್ಬಿಸಿ ಬಾಗಿಲನ್ನು ಅದರ ಕೈಗೆ ಕೊಡುತ್ತದೆ. ಅಲ್ಲಿಯವರೆಗೆ ಮೆಮೊರಿ ಉಳಿತಾಯ. ದಿನವಿಡೀ ಬೇಕಾದ ಬಿಲ್ಲನ್ನು ಮುಟ್ಟದೆ ಉಳಿದ ನಾಲ್ಕಕ್ಕೂ ಎರಡೆರಡು ಫೈಲು ಬರೆದೆ: ಬಾಗಿಲಿಗೆ ಸಾಕೆಟ್ ಫೈಲು, ಕೆಲಸಕ್ಕೆ ಸರ್ವಿಸ್ ಫೈಲು. ತಾವೇ ಬಾಗಿಲು ತೆರೆಯುವ ಬದಲು ಕೊಟ್ಟ ಬಾಗಿಲನ್ನು ಹಿಡಿಯುವಂತೆ ಪ್ರೋಗ್ರಾಮುಗಳನ್ನೂ ತಿದ್ದಿದೆ. ಮನೆಯಲ್ಲಿ ನಕಲಿನ ಮೇಲೆ ಎಲ್ಲ ಸರಿಯಾಗಿ ಓಡಿತು. ಮನೆಯಲ್ಲಿ ಊಟದ ರಶ್ಶು ಎಲ್ಲಿಂದ ಬರಬೇಕು?

ನಾಲ್ಕನೇ ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಡಿಸ್ಕು ಬದಲಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ಬಿಲ್ಲು ಮತ್ತೆ ನಿಂತಿತು. ಹೋಟೆಲಿನವರು ಗಲ್ಲಾದಿಂದೆದ್ದು ಹಿಂದಿನ ಕೋಣೆಗೆ ಬಂದರು. ಐದೂ ಪ್ರೋಗ್ರಾಮು ಬೆಳಿಗ್ಗೆಯಿಂದಲೇ ತಯಾರಾಗಿವೆ ಎಂದು ನಾನು ಪರದೆ ತೋರಿಸಿದೆ.

"ನಾಲ್ಕು ಮಲಗಿರ್ತವೆ ಅಂತ ಹೇಳಿದ್ದಿ. ಎಲ್ಲವೂ ಎದ್ದು ಕೂತಿವೆಯಲ್ಲ?"

"ಶಟರ್ ಎತ್ತುವ ಮೊದಲು ಒಲೆ ಹಚ್ಚಬೇಕಲ್ಲ ಅಣ್ಣಾ."

"ಅದು ದೋಸೆಗೆ. ಯಾರಾದ್ರೂ ಕೇಳಿದಾಗ ಕರಿಯುವ ಭಟೂರೆಗೆ ಬೆಳಿಗ್ಗೆ ಆರಕ್ಕೇ ಎಣ್ಣೆ ಕಾಯಿಸಿಟ್ರೆ ನಾನು ಹೋಟೆಲು ಮುಚ್ಚಬೇಕು."

ಕಂಪ್ಯೂಟರಿಗೆ ಬರುವ ಮೊದಲು ಆರು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು ನಾನು. ಆ ಅಭ್ಯಾಸದಲ್ಲೇ ಸಾಕೆಟ್ಟಿನ ಜೊತೆ ನಾಲ್ಕು ಸರ್ವಿಸನ್ನೂ ಎನೇಬಲ್ ಮಾಡಿಟ್ಟಿದ್ದೆ. ಮಶೀನು ಶುರುವಾದ ಕೂಡಲೇ ಅವು ತಟ್ಟುವವರಿಲ್ಲದೆಯೇ ಎದ್ದು ಕೂತಿದ್ದವು. ನಾಲ್ಕನ್ನೂ ಡಿಸೇಬಲ್ ಮಾಡಿ ನಿಲ್ಲಿಸಿದೆ, ಸಾಕೆಟ್ಟುಗಳನ್ನು ಮಾತ್ರ ಉಳಿಸಿದೆ. ಹತ್ತು ನಿಮಿಷದಲ್ಲಿ ಬಿಲ್ಲುಗಳು ಸರಸರ ಹೊರಬಿದ್ದವು. ಅವರೇ ಕೂತು ಮದುವೆ ಆರ್ಡರಿನ ಪುಟ ತೆರೆದರು. ಮೂರು ಸೆಕೆಂಡು ತಡೆದು ಬಂತು. ಯಾಕೆ ಇಷ್ಟು ತಡ ಎಂದರು. ನಿದ್ದೆಯಿಂದ ಏಳಬೇಕಲ್ಲ ಎಂದೆ. ನಕ್ಕರು. ಸಂಜೆ ವಾಶಿಯವನಿಗೆ ಫೋನು ಮಾಡಿ ಬೇಡವೆಂದರು. ಮರುವರ್ಷ ಕಾಮೋಠೆಯಲ್ಲಿ ಎರಡನೇ ಹೋಟೆಲು ತೆರೆದಾಗ ಆ ಕೆಲಸವೂ ನನಗೇ ಬಂತು.

ನೀವು ಮಾಡುವುದಾದರೆ ಸಾಕೆಟ್ಟನ್ನು ಮಾತ್ರ ಎನೇಬಲ್ ಮಾಡಿ. ಮಶೀನನ್ನು ಒಮ್ಮೆ ಆರಿಸಿ ಹಚ್ಚಿ, ಯಾರೂ ತಟ್ಟುವ ಮೊದಲು ಮೆಮೊರಿ ನೋಡಿ. ಎದ್ದ ಪ್ರೋಗ್ರಾಮನ್ನು ಸಿಸ್ಟಮ್‌ಡಿ ತಾನಾಗಿ ಮಲಗಿಸುವುದಿಲ್ಲ, ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ತಾನೇ ಮುಗಿಯುವಂತೆ ಪ್ರೋಗ್ರಾಮಿನಲ್ಲೇ ಬರೆಯಿರಿ. ದಿನವಿಡೀ ಬೇಕಾದದ್ದನ್ನು ಮಲಗಿಸಲು ಹೋಗಬೇಡಿ. ಮತ್ತೆ, ಮೊದಲ ಸಲ ತಟ್ಟಿದಾಗ ತುಸು ತಡವಾಗುತ್ತದೆಂದು ಗಿರಾಕಿಗೆ ರೇಟು ಮಾತಾಡುವಾಗಲೇ ಹೇಳಿಬಿಡಿ.