ಪ್ರಶಸ್ತಿಯೂ ನಾಲ್ಕನೇ ಸೀಟೂ

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಮ್ಮೆ ಕೆಮ್ಮುತ್ತೇನೆ. ಊರುಗಳಿಗೆ ಪ್ರಶಸ್ತಿಯ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಹೌದು, ಕಲಾವಿದರಿಗೆ, ಶಾಲೆಯ ಮಕ್ಕಳಿಗೆ ಇರುವಂತೆ ಊರುಗಳಿಗೂ ಪ್ರಶಸ್ತಿಗಳಿವೆ. ಹೊಸದನ್ನು ಯೋಚಿಸಿದ ಊರು, ಹಳೆಯದಕ್ಕೇ ಹೊಸ ಹೆಸರಿಟ್ಟ ಊರು, ಮುಂದೆ ಖಂಡಿತ ಯೋಚಿಸುತ್ತೇನೆಂದು ಮಾತು ಕೊಟ್ಟ ಊರು, ಎಲ್ಲಕ್ಕೂ ಒಂದೊಂದು ವಿಭಾಗ. ನವಿ ಮುಂಬೈಯ ಮಹಾಪೆಯಲ್ಲಿ ಗಾಜಿನ ಕಟ್ಟಡವೊಂದರಲ್ಲಿ ಕೂತು, ಕಣ್ಣಾರೆ ಕಾಣದ ಊರುಗಳ ಬಸ್‌ಸ್ಟಾಪುಗಳನ್ನು ನಾನು ಬಾಯ್ತುಂಬ ಹೊಗಳುತ್ತೇನೆ. ಮೈಸೂರಿನಲ್ಲಿರುವ ನಮ್ಮ ಅತ್ತೆ ಇದನ್ನು ಕೇಳಿ, “ಊರು ಚೆನ್ನಾಗಿದ್ರೆ ಅಲ್ಲಿರೋರಿಗೆ ಗೊತ್ತಾಗಲ್ವೇನೇ? ಅದಕ್ಕೆ ಅರ್ಜಿ ಯಾಕೆ?” ಅಂದಿದ್ದರು.

ಈ ಘನಕಾರ್ಯಕ್ಕೆ ನಾನು ಹೋಗುವುದು ಹೀಗೆ: ಕಲ್ಯಾಣದಿಂದ ಲೋಕಲ್ ಹಿಡಿದು ಥಾಣೆ, ಅಲ್ಲಿ ಇಳಿದು ನವಿ ಮುಂಬೈಯ ಗಾಡಿ, ಆಮೇಲೆ ಶೇರ್ ರಿಕ್ಷಾ. ಗಾಡಿ ಕಲ್ಯಾಣದಲ್ಲೇ ಹುಟ್ಟುವುದರಿಂದ ನನಗೆ ಕೂರಲು ಜಾಗ ಸಿಗುತ್ತದೆ. ಮುಂದೆ ಡೊಂಬಿವಲಿಯಲ್ಲಿ ಹತ್ತುವವರಿಗೆ ಸಿಗುವುದಿಲ್ಲ. ಹಾಗಂತ ಅವರೆಲ್ಲ ನಿಂತೇ ಹೋಗುತ್ತಾರೆಂದು ತಿಳಿಯಬೇಡಿ. ಸೀಟು ಮಾಡಿದ ಎಂಜಿನಿಯರು ಒಂದು ಬೆಂಚಿಗೆ ಮೂವರೆಂದು ಅಳತೆ ಹಾಕಿದ್ದಾನೆ. ಆ ಮಹಾಶಯ ಡೊಂಬಿವಲಿಯವನಲ್ಲ. ನಮ್ಮಲ್ಲಿ ಬೆಂಚಿಗೆ ನಾಲ್ವರು. ನಾಲ್ಕನೆಯವರಿಗೆ ದಕ್ಕುವುದು ಅರ್ಧ ಸೀಟು, ಉಳಿದರ್ಧ ಅವರು ತಮ್ಮ ಕಾಲಿನ ಬಲದ ಮೇಲೆ ಕೂರಬೇಕು. ಆದರೂ ಅದು ಸೀಟೇ.

ಈ ಏರ್ಪಾಡು ನನಗೆ ಗೊತ್ತಿಲ್ಲದ ಕಾಲವೊಂದಿತ್ತು. ಮದುವೆಯಾಗಿ ಬಂದ ಹೊಸತು. ಲೇಡೀಸ್ ಡಬ್ಬಿಯಲ್ಲಿ ಮೂರನೆಯವಳಾಗಿ ಕೂತು ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಡೊಂಬಿವಲಿಯಲ್ಲಿ ಹತ್ತಿದ ಹೆಂಗಸೊಬ್ಬರು ನನ್ನ ಕನ್ನಡ ಕೇಳಿ ಮುಖವರಳಿಸಿ, “ಸ್ವಲ್ಪ ಸರೀರಿ” ಅಂದರು. ಮೈಸೂರಿನ ಕಿವಿ ನನ್ನದು. ನಮ್ಮಲ್ಲಿ ಹಾಗೆ ಹೇಳುವುದಾದರೆ ‘ಜರುಗಿ’ ಅನ್ನುತ್ತಾರೆ. ಇವರು ‘ಸರಿ ರೀ’ ಅನ್ನುತ್ತಿದ್ದಾರೆ, ನನ್ನ ಮಾತನ್ನು ಮೆಚ್ಚಿಕೊಂಡಿದ್ದಾರೆ ಎಂದುಕೊಂಡು, ನಕ್ಕು, “ಸರಿ, ಸರಿ” ಅಂದೆ. ಕೂತಲ್ಲಿಂದ ಕದಲಲಿಲ್ಲ. ಅವರು ಇನ್ನೊಮ್ಮೆ ಅಂದರು. ನಾನು ಇನ್ನಷ್ಟು ನಕ್ಕೆ. ಮೂರನೇ ಸಲ ಅವರು ಸೊಂಟಕ್ಕೆ ಕೈಯಿಟ್ಟು, “ಯವ್ವಾ, ನಾ ಸರಿ ಅನ್ನಾಕತ್ತಿಲ್ಲ, ಸರೀರಿ ಅನ್ನಾಕತ್ತೀನಿ!” ಎಂದಾಗ ಇಡೀ ಡಬ್ಬಿ ನನ್ನತ್ತ ತಿರುಗಿತು. ಕನ್ನಡ ಬಾರದವರೂ ನಕ್ಕರು.

ಅವರು ಗಂಗಕ್ಕ. ಗದಗದ ಕಡೆಯವರು, ಥಾಣೆಯ ವಾಗ್ಳೆ ಎಸ್ಟೇಟಿನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಆವತ್ತಿನಿಂದ ನಮ್ಮದು ಒಂದೇ ಬೆಂಚು.

ಆ ಪದ ಮಾತ್ರ ನನ್ನ ತಲೆಯಲ್ಲಿ ಮನೆ ಮಾಡಿತು. ತಪ್ಪಿಲ್ಲದ್ದು ಸರಿ, ಅತ್ತ ಜರುಗು ಅನ್ನುವುದೂ ಸರಿ. ಮೋಡ ಸರಿಯುತ್ತದೆ, ಹೊತ್ತು ಸರಿಯುತ್ತದೆ, ಮನಸ್ಸು ಮಾಡಿದರೆ ಮನುಷ್ಯರೂ ಸರಿಯುತ್ತಾರೆ. ಪಂಡಿತರು ಇವೆರಡಕ್ಕೂ ಸಂಬಂಧವಿಲ್ಲ ಅನ್ನಬಹುದು. ಅವರು ಎಂಟೂ ಇಪ್ಪತ್ತರ ಗಾಡಿ ಹತ್ತಿ ನೋಡಲಿ. ಯಾರಾದರೂ ಸರಿಯದೆ ಇಲ್ಲಿ ಏನೂ ಸರಿಯಾಗುವುದಿಲ್ಲ. ಮರಾಠಿಯವರು ‘ಸರಕಾ’ ಅಂದರೂ, ಹಿಂದಿಯವರು ‘ಸರಕೋ’ ಅಂದರೂ ನನಗೆ ನಮ್ಮ ಗಂಗಕ್ಕನ ದನಿಯೇ ಕೇಳಿಸುತ್ತದೆ.

ಒಮ್ಮೆ ಒಂದು ಊರಿನ ಅರ್ಜಿಯಲ್ಲಿ ‘ನಾಗರಿಕರೇ ಕಂಡುಕೊಂಡ ಪರಿಹಾರಗಳು’ ಎಂಬ ಕಾಲಂ ಖಾಲಿ ಉಳಿದಿತ್ತು. ನಾನು ಉಮೇದಿನಲ್ಲಿ ನಾಲ್ಕನೇ ಸೀಟಿನ ಬಗ್ಗೆ ಒಂದು ಪುಟ ಬರೆದು, ಇಂಥದ್ದು ಆ ಊರಿನಲ್ಲೂ ಏನಾದರೂ ಇದ್ದೀತು, ವಿಚಾರಿಸೋಣ ಎಂದು ಬಾಸ್‌ಗೆ ತೋರಿಸಿದೆ. ಬೆಂಗಳೂರಿನ ಹುಡುಗ, ಒಳ್ಳೆಯವನು. ಕೊನೆತನಕ ಓದಿ, “ತುಂಬ ಚೆನ್ನಾಗಿದೆ ಮೇಡಂ. ಆದ್ರೆ ಇದ್ರಲ್ಲಿ ಟೆಕ್ನಾಲಜಿ ಎಲ್ಲಿದೆ? ಇದು ಸ್ಕೇಲ್ ಆಗಲ್ಲ” ಅಂದ. ಲಕ್ಷಗಟ್ಟಲೆ ಜನ ದಿನವೂ ಮಾಡುವುದು ಇನ್ನೆಷ್ಟು ಸ್ಕೇಲ್ ಆಗಬೇಕೋ ತಿಳಿಯಲಿಲ್ಲ. ಕಾಲಂನಲ್ಲಿ ಒಂದು ಆ್ಯಪ್ ಬಂದು ಕೂತಿತು, ಮೂವರ ಜಾಗದಲ್ಲಿ ಒಂದೇ.

ಇಷ್ಟರಲ್ಲಿ ಗಂಗಕ್ಕನ ಮಂಡಿ ಕೈಕೊಟ್ಟಿತು. ಆಪರೇಷನ್ ಆಗಿ ಮೂರು ತಿಂಗಳು ಅವರು ಬರಲಿಲ್ಲ. ನಾವು ನಾಲ್ಕನೆಯವರಾಗಿ ಬೇರೆ ಯಾರು ಯಾರನ್ನೋ ಕೂರಿಸಿಕೊಂಡೆವು. ಸೊಂಟ ಒಪ್ಪಿಕೊಂಡಿತು, ಮನಸ್ಸು ಒಪ್ಪಲಿಲ್ಲ. ಹೋದ ಭಾನುವಾರ ಫೋನ್ ಮಾಡಿದ್ದರು. “ನಾಳಿ ಒಂದ್ ದಿನ ಬಂದ್ ನೋಡ್ತೀನ್ರಿ. ಠಾಣಾದ ತನಕ ನಿಂತು ಹೋಗೂದಾತಂದ್ರ ಕೆಲಸಾ ಬಿಟ್ಟಬಿಡ್ತೀನಿ. ಮನ್ಯಾಗ ಕುಂತು ಗ್ವಾಡಿ ನೋಡೂದು ನನಗ ಬರಂಗಿಲ್ಲ, ಆದ್ರ ಏನ್ ಮಾಡೂದು?” ಆ ದನಿಯಲ್ಲಿ ಎಂದಿನ ಜೋರಿರಲಿಲ್ಲ. “ನಾನಿದೀನಲ್ಲ, ಜಾಗ ಇಟ್ಟಿರ್ತೀನಿ” ಎಂದು ಮಾತು ಕೊಟ್ಟೆ.

ನನ್ನ ಗ್ರಹಚಾರ, ಆ ಭಾನುವಾರ ಸಂಜೆಯೇ ನಾವು ಅರ್ಜಿ ಬರೆದ ಆ ಆ್ಯಪಿನ ಊರಿಗೆ ಪ್ರಶಸ್ತಿ ಬಂತು. ನಮ್ಮ ಆಫೀಸಿಗೂ ಅದರದೇ ಒಂದು ನಕಲು ಕೊಟ್ಟರು. ಬಾಸ್ ಸಮಾರಂಭದಿಂದ ನೇರ ವಿಮಾನ ಹತ್ತಿದ್ದರಿಂದ ಅದು ನನ್ನ ಮನೆಗೆ ಬಂತು. ಗಾಜಿನದು, ಮೊಳದುದ್ದ, ನೆತ್ತಿ ಚೂಪು. ಸೋಮವಾರ ಅದನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಗಾಡಿ ಹತ್ತಿದೆ. ಕಿಟಕಿಯ ಪಕ್ಕ ಶ್ರುತಿ. ಕಾರ್ಕಳದವರ ಮಗಳು, ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು, ನನ್ನನ್ನು ಚಿಕ್ಕಮ್ಮ ಅನ್ನುವಂತೆ ‘ಕಾಕು’ ಅನ್ನುವವಳು. ಅವಳ ಪಕ್ಕ ಇನ್ನೊಬ್ಬರು, ಆಮೇಲೆ ನಾನು. ಚೀಲವನ್ನು ಮಡಿಲಲ್ಲಿಟ್ಟರೆ ಗದ್ದಕ್ಕೆ ಚುಚ್ಚುತ್ತಿತ್ತು. ಪಕ್ಕದಲ್ಲಿ ನಿಲ್ಲಿಸಿದೆ. ಒಡೆಯದಿರಲೆಂದು ಅದಕ್ಕೆ ಒಂದು ಕೈ ಆಸರೆ ಕೊಟ್ಟೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಅಭಿನಂದನೆಗಳಿಗೆಲ್ಲ ಕೈಮುಗಿಯುವ ಚಿತ್ರ ಕಳಿಸುತ್ತ ಕೂತೆ. ಎಲ್ಲರಿಗೂ ಜಾಗ ಕೊಟ್ಟ ಊರೆಂದು ಫೋನಿಗೆ ಬಂದಿದ್ದ ಪ್ರಶಸ್ತಿಪತ್ರದಲ್ಲಿ ನಾನೇ ಬರೆದ ವಾಕ್ಯವಿತ್ತು. ಅದನ್ನು ನಾನೇ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ.

“ಕಾಕು, ಸರಕಾ ನಾ!”

ಶ್ರುತಿ ಕಿವಿಯ ವೈರು ಕಿತ್ತು ನನ್ನ ಭುಜ ಅಲುಗಿಸುತ್ತಿದ್ದಳು. ತಲೆಯೆತ್ತಿದೆ. ಡೊಂಬಿವಲಿ ದಾಟಿಯಾಗಿತ್ತು. ಎದುರಿಗೆ, ಮೇಲಿನ ಹಿಡಿಕೆಗೆ ಜೋತುಬಿದ್ದು, ಹಣೆಯಲ್ಲಿ ಬೆವರಿಳಿಸುತ್ತ ಗಂಗಕ್ಕ ನಿಂತಿದ್ದರು. ಬಾಯಿಬಿಟ್ಟು ಕೇಳದ ಗಂಗಕ್ಕನನ್ನು ನಾನು ನೋಡಿದ್ದು ಅದೇ ಮೊದಲು.

“ಅದೇನ್ರಿ, ಕುಂತೈತಲ್ಲ?” ಅವರು ಚೀಲ ನೋಡಿದರು.

“ಪ್ರಶಸ್ತಿ ಗಂಗಕ್ಕ. ಒಂದು ಊರಿಗೆ ಬಂದದ್ದು.”

“ಯಾತಕ್ಕ ಬಂತು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಎಲ್ಲರಿಗೂ ಜಾಗ ಮಾಡಿಕೊಟ್ಟದ್ದಕ್ಕೆ” ಅಂದೆ.

ಗಂಗಕ್ಕ ಹಳೆಯ ಜೋರಿನಲ್ಲಿ ನಕ್ಕರು. “ಹಂಗಾರ ಮೊದಲ ಅದನ್ನ ಮ್ಯಾಲ ಇಡ್ರಿ. ಸರೀರಿ!”

ಪ್ರಶಸ್ತಿ ಸಾಮಾನಿನ ಹಲಗೆಗೆ ಹೋಯಿತು, ಯಾರದೋ ಟಿಫಿನ್ ಡಬ್ಬಿಯ ಪಕ್ಕಕ್ಕೆ. ನಾನೆದ್ದು ಗಂಗಕ್ಕನನ್ನು ಒಳಗೆ ಕೂರಿಸಿ, ಅಂಚಿನ ಅರ್ಧ ಸೀಟಿಗೆ ನಾಲ್ಕನೆಯವಳಾದೆ. ಅವರು ಕಾಲು ಚಾಚಿ ಮಂಡಿ ಸವರಿಕೊಂಡರು. ಮುಂಬ್ರಾ, ಕಳವಾ ಕಳೆದು ಥಾಣೆ ಬರುವ ತನಕ ಕೂತೇ ಇದ್ದರು, ಮಾತು ನಿಲ್ಲಿಸಲೂ ಇಲ್ಲ.

ಇಳಿಯುವ ನೂಕಾಟದಲ್ಲಿ ನಾನು ಪ್ರಶಸ್ತಿಯನ್ನು ಮಗುವಿನಂತೆ ಅವುಚಿಕೊಂಡಿದ್ದೆ. ಗಂಗಕ್ಕ ಪ್ಲಾಟ್‌ಫಾರ್ಮಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಹೊರಟವರು, ನಿಂತು, ತಿರುಗಿ, ಗದ್ದಲದ ಮೇಲೆ ಕೂಗಿ ಹೇಳಿದರು:

“ನಾಳಿ ಅದನ್ನ ತರಬ್ಯಾಡ್ರಿ ಮತ್ತ!”

‘ನಾಳಿ’ ಅಂದರು, ಒಂದೇ ದಿನ ನೋಡಲೆಂದು ಬಂದವರು.