ಅವ್ವ ಬರೆದ ಬೆಕ್ಕಿನ ಮಾತು

ನನ್ನ ಅಣ್ಣ ಈಗ ಕಾಮಿಕ್ಸ್ ಪುಸ್ತಕ ಮುಟ್ಟುವ ಮೊದಲು ಬಿಳಿ ಕೈಗವಸು ಹಾಕಿಕೊಳ್ಳುತ್ತಾನೆ. ಇದೇ ಮನುಷ್ಯ ಎಂಟು ವರ್ಷದವನಿದ್ದಾಗ ಅದೇ ಪುಸ್ತಕಗಳನ್ನು ಊಟದ ತಾಟಿನ ಪಕ್ಕ ಹರವಿಕೊಂಡು ಸಾರು ಮೆತ್ತಿದ ಬೆರಳಿನಲ್ಲೇ ಹಾಳೆ ತಿರುವುತ್ತಿದ್ದ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಬೋಲ್ಟುಗಳಲ್ಲಿ ಕುಂದು ಹುಡುಕಿ ಸಂಬಳ ತೆಗೆದುಕೊಂಡವನು ಅವನು. ನಿವೃತ್ತಿಯಾದ ಮೇಲೆ ಕುಂದು ಹುಡುಕಲು ಮನೆಯಲ್ಲಿ ಅತ್ತಿಗೆ ಒಬ್ಬಳೇ ಉಳಿದಿದ್ದಳು. ಅವಳ ಪುಣ್ಯ, ಅಷ್ಟರಲ್ಲಿ ಹಳೆಯ ಕಾಮಿಕ್ಸ್ ಸಂಗ್ರಹಿಸುವವರ ಗುಂಪೊಂದು ಅವನಿಗೆ ಸಿಕ್ಕಿತು.

ಈ ಗುಂಪು ಭಾನುವಾರಗಳಂದು ಕ್ಯಾಂಪ್ ಬಡಾವಣೆಯ ಒಂದು ಹಳೆಯ ಹೋಟೆಲಿನಲ್ಲಿ ಸೇರುತ್ತದೆ. ಒಮ್ಮೆ ನಾನೂ ಹೋಗಿದ್ದೆ. ಅರವತ್ತು ದಾಟಿದ ಏಳೆಂಟು ಗಂಡಸರು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಎಕ್ಸ್‌ರೇ ನೋಡುವ ಡಾಕ್ಟರರ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಬ್ಬರೂ ನಗಲಿಲ್ಲ. ಇಲಿ ಬೆಕ್ಕಿನ ಬಾಲಕ್ಕೆ ಇಸ್ತ್ರಿಪೆಟ್ಟಿಗೆ ಕಟ್ಟಿದ ಚಿತ್ರ ನೋಡಿ ನಾನು ಜೋರಾಗಿ ನಕ್ಕರೆ, ಗುಂಪಿನ ಹಿರಿಯರು "ಜರಾ ಹಳೂ, ತಾಈ" ಎಂದು ಮರಾಠಿಯಲ್ಲಿ ಹೇಳಿ ಬೆರಳು ತುಟಿಗಿಟ್ಟರು. ಮೆಲ್ಲಗೆ ನಗಲು ಅಲ್ಲೇನು ಹೆಣ ಮಲಗಿತ್ತೆ? ಅಂಥ ಸಭೆಯಲ್ಲಿ ನನ್ನ ಅಣ್ಣನಿಗೆ ಕೊನೆಯ ಕುರ್ಚಿ, ಏಕೆಂದರೆ ತೋರಿಸಲು ಅವನ ಹತ್ತಿರ ಒಂದು ಪುಸ್ತಕವೂ ಇರಲಿಲ್ಲ. ಆಗ ಅವನಿಗೆ ಅವ್ವನ ಟ್ರಂಕು ನೆನಪಾಯಿತು.

ಅವ್ವ ಕೊಂಢವಾದಲ್ಲಿ ನನ್ನ ಜೊತೆಗಿದ್ದಾಳೆ, ಟ್ರಂಕೂ ಅವಳ ಜೊತೆಗಿದೆ. ಅದರಲ್ಲಿ ಹನ್ನೊಂದು ಬೆಕ್ಕು-ಇಲಿ ಪುಸ್ತಕಗಳು. ನೌಕರಿಗಾಗಿ ಧಾರವಾಡ ಬಿಟ್ಟು ಪುಣೆಗೆ ಬಂದ ಅಪ್ಪ, ಮಕ್ಕಳ ಇಂಗ್ಲಿಷ್ ಸುಧಾರಿಸಲೆಂದು ಕ್ಯಾಂಪಿನ ರದ್ದಿ ಅಂಗಡಿಯಿಂದ ತಂದವು. ಢಮ್, ಧಡಾರ್ ಬಿಟ್ಟರೆ ಆ ಪುಸ್ತಕಗಳಲ್ಲಿ ಇಂಗ್ಲಿಷ್ ಎಲ್ಲಿತ್ತೋ ಅಪ್ಪನಿಗೇ ಗೊತ್ತು. ಅವ್ವನ ಚಿಂತೆ ಬೇರೆ. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ, ಮಕ್ಕಳು ಕನ್ನಡ ಓದುವುದನ್ನು ಯಾವಾಗ ಕಲಿಯಬೇಕು? ಅವಳು ಚಿತ್ರಗಳ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ತಾನೇ ಮಾತಿನ ಗುಳ್ಳೆ ಬರೆದು, ಅದರೊಳಗೆ ಕನ್ನಡದಲ್ಲಿ ಮಾತು ತುಂಬಿಸಿದಳು. ನಮ್ಮ ಬೆಕ್ಕು ಧಾರವಾಡದ ಕನ್ನಡ ಆಡುತ್ತಿತ್ತು. ನಾನು, ಅಣ್ಣ ಅಕ್ಷರ ಕೂಡಿಸಿ ಓದಲು ಕಲಿತದ್ದು ಅಲ್ಲಿಯೇ.

ಐವತ್ತು ದಾಟಿದ ಮೇಲೆ ಒಂದು ದಿನ ಅವನ್ನು ಮತ್ತೆ ಓದಿದೆ. ಬೆಕ್ಕು "ತುಪ್ಪದ ಡಬ್ಬಿ ಯಾರನ್ನ ಕೇಳಿ ಮುಟ್ಟಿದಿ?" ಎನ್ನುತ್ತದೆ. "ತವರಮನಿಗೆ ಕಾಗದ ಬರೀಬ್ಯಾಡ ಅಂದಿಲ್ಲೇನು?" ಎನ್ನುತ್ತದೆ. ನನಗೆ ಥಟ್ಟನೆ ಹೊಳೆಯಿತು. ಬೆಕ್ಕು ನಮ್ಮ ಅಜ್ಜಿ, ಅಪ್ಪನ ತಾಯಿ! ಅಜ್ಜಿಯ ಎದುರು ಅವ್ವ "ಹೂಂ ರೀ" ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಪುಸ್ತಕದಲ್ಲಿ ಮಾತ್ರ ಇಲಿ ಪ್ರತಿಯೊಂದಕ್ಕೂ ತಿರುಗಿ ಉತ್ತರ ಕೊಡುತ್ತದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಜೀವಮಾನದಲ್ಲಿ ಅವ್ವ ಎದುರುತ್ತರ ಕೊಟ್ಟದ್ದು ಆ ಹನ್ನೊಂದು ಪುಸ್ತಕಗಳಲ್ಲಿ ಮಾತ್ರ. ಈ ಗುಟ್ಟು ಹಿಡಿದವಳು ನಾನೊಬ್ಬಳೇ ಎಂದು ಬಹಳ ಬೀಗಿದೆ. ಅಣ್ಣನಿಗೆ ಇಂಥವೆಲ್ಲ ಎಲ್ಲಿ ತಿಳಿಯಬೇಕು, ಅವನದು ಬೋಲ್ಟಿನ ತಲೆ.

ಅಣ್ಣ ಒಂದು ಪುಸ್ತಕ ಒಯ್ದು ಗುಂಪಿಗೆ ತೋರಿಸಿ ತಂದ. ಪುಸ್ತಕ ಅಪರೂಪದ್ದು, ಆದರೆ ಯಾರೋ ಗೀಚಿ ಹಾಳು ಮಾಡಿದ್ದಾರೆ, ಗೀಚಿದ್ದು ಹೋದರೆ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡಬಹುದು ಎಂದು ಹಿರಿಯರು ಹೇಳಿದ್ದರಂತೆ.

"ಪೆನ್ಸಿಲ್ ಅದ, ಅಳಿಸಿದ್ರ ಹೋಗ್ತದ," ಎಂದ ಅಣ್ಣ.

"ಅದು ಗೀಚಿದ್ದಲ್ಲ, ಅವ್ವನ ಕೈಬರಹ."

"ಅವ್ವನ ಕೈಬರಹ ಬೇಕಂದ್ರ ಕಿರಾಣಿ ಚೀಟಿ ಬೇಕಾದಷ್ಟು ಅದಾವಲ್ಲ, ಇಟ್ಕೋ."

ಒಂದು ಪುಸ್ತಕವನ್ನೂ ಕೊಡುವುದಿಲ್ಲ ಎಂದು ಹೇಳಿ ಅವನನ್ನು ಕಳಿಸಿದೆ. ಗೆದ್ದೆ ಎಂದುಕೊಂಡೆ. ಒಳಗಿನ ಕೋಣೆಯಲ್ಲಿ ಅವ್ವ ಇದ್ದಾಳೆ, ಅವಳ ಕಿವಿ ಇನ್ನೂ ಚುರುಕಾಗಿದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಸಂಜೆ ಆಫೀಸಿನಿಂದ ಬಂದಾಗ ಅವ್ವ ಬಾಲ್ಕನಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ರಬ್ಬರು, ಸೀರೆಯ ತುಂಬ ರಬ್ಬರಿನ ಪುಡಿ. ಒಂಬತ್ತು ಪುಸ್ತಕ ಮುಗಿಸಿದ್ದಳು.

"ಇಷ್ಟು ಕಿಮ್ಮತ್ತಿನ ಪುಸ್ತಕ ಅಂತ ನಂಗೇನ ಗೊತ್ತಿತ್ತವಾ," ಎಂದಳು. "ಹುಡುಗನ ಪುಸ್ತಕ ಕೆಡಿಸಿಬಿಟ್ಟಿದ್ದೆ."

ಹುಡುಗನಿಗೆ ಅರವತ್ತೆರಡು. ನಾನು ರಬ್ಬರು ಕಸಿದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ತನ್ನ ಮಾತನ್ನು ತಾನೇ ಅಳಿಸಿ, ಬರೆದದ್ದಕ್ಕೆ ಕ್ಷಮೆಯನ್ನೂ ಕೇಳುತ್ತಿದ್ದಾಳಲ್ಲ! ಅಣ್ಣನಿಗೆ ಫೋನು ಮಾಡಿ, ಕನ್ನಡ ಸಾಲದೆ ಮರಾಠಿಯಲ್ಲೂ ಬೈದೆ. "ನಾ ಹೇಳಿಲ್ಲ, ಅವ್ವ ತಾನ ಮಾಡ್ಯಾಳ," ಎಂದು ಅವನು ಕೈ ತೊಳೆದುಕೊಂಡ. ಒಂದು ತಾಸಿನೊಳಗೆ ಬಂದು, ಅವ್ವನೇ ಕೊಟ್ಟ ಒಂಬತ್ತೂ ಪುಸ್ತಕಗಳನ್ನು ಚೀಲಕ್ಕೆ ಹಾಕಿ ಮಗುವಿನ ಹಾಗೆ ಎತ್ತಿಕೊಂಡು ಹೋದ.

ಸೋಮವಾರ ಅದೇ ಚೀಲದೊಂದಿಗೆ ವಾಪಸಾದ. ಹಳೆಯ ಕಾಗದ, ತಿಕ್ಕಿದಲ್ಲೆಲ್ಲ ಬಣ್ಣವೂ ಎದ್ದುಹೋಗಿ ಬಿಳಿ ತೇಪೆ ಬಿದ್ದಿತ್ತು. ಗೀಚಿದ್ದೇ ಎಷ್ಟೋ ವಾಸಿಯಾಗಿತ್ತು ಎಂದು ಹಿರಿಯರು ಹೇಳಿದರಂತೆ. ನನಗೆ ನಗು ಬಂತು. ಒಳ್ಳೆಯದೇ ಆಯಿತು ಎಂದು ಅವನ ಮುಖಕ್ಕೇ ಹೇಳಿದೆ.

ಅವ್ವ ಚೀಲದಿಂದ ಒಂದು ಪುಸ್ತಕ ತೆಗೆದು ತೇಪೆಗಳ ಮೇಲೆ ಕೈಯಾಡಿಸಿದಳು. "ಹಂಗಾರ ಮತ್ತ ಬರದ್ರ ಆತಲ್ಲ?" ಎಂದು ಪೆನ್ಸಿಲ್ ಕೇಳಿದಳು. ಕೊಟ್ಟೆ. ಪೆನ್ಸಿಲಿನ ಮೊನೆಯನ್ನು ಮೊದಲ ತೇಪೆಯ ಮೇಲಿಟ್ಟಳು. ಆಮೇಲೆ ನನ್ನನ್ನು ನೋಡಿ, "ಇಲ್ಲೆ ಏನಿತ್ತವಾ?" ಎಂದಳು.

ಅಷ್ಟೆಲ್ಲ ಕೂಗಾಡಿದ ನನಗೆ ಒಂದು ಸಾಲೂ ನೆನಪಿರಲಿಲ್ಲ. ಮೇಲೆ ಕೊಟ್ಟಿರುವ ಬೆಕ್ಕಿನ ಮಾತುಗಳು ಕೂಡ ಉಳಿದ ಎರಡು ಪುಸ್ತಕಗಳನ್ನು ನೋಡಿ ಬರೆದುಕೊಂಡವು.

ಅಣ್ಣ ಬಗ್ಗಿ ಚಿತ್ರ ನೋಡಿದ. "ಬೆಕ್ಕು ಅಂತದ, 'ಮೂರೂ ಹೊತ್ತು ಉಣ್ತಿ, ಕೆಲಸಕ್ಕ ಕರದ್ರ ಕಿವಿ ಇಲ್ಲ.' ಇಲಿ ಅಂತದ, 'ಕಿವಿ ಅದಾವ್ರಿ, ನಿಮ್ಮ ಬಾಯಿ ಕೇಳಿ ಕೇಳಿ ದಣದಾವ.' ಮುಂದಿನ ಹಾಳಿ ತಗಿ."

ಪುಟದ ಮೇಲೆ ಪುಟ ಹೇಳುತ್ತಲೇ ಹೋದ. ಎಲ್ಲೂ ತಡವರಿಸಲಿಲ್ಲ.

"ನಿನಗ ಹೆಂಗ ಗೊತ್ತು?" ಎಂದೆ.

"ಬೆಕ್ಕು ಅಜ್ಜಿ ಅಲ್ಲೇನ? ಅಕಿ ಬೈದಾಗೆಲ್ಲ ಅವ್ವ ಅಡಿಗಿ ಮನಿಗೆ ಹೋಗಿ ಅಳಾಕಿ. ನಾ ಹೋಗಿ ಇಲಿ ಮಾತು ಅಕಿ ಕಿವ್ಯಾಗ ಹೇಳ್ತಿದ್ದೆ. ನಗಾಕಿ." ಅವನು ನನ್ನ ಕಡೆ ನೋಡಲೇ ಇಲ್ಲ. "ಎಲ್ಲಾ ನನ್ನ ತಲ್ಯಾಗ ಇತ್ತಲ್ಲ, ಅದಕ್ಕ ಅಳಿಸಿದ್ರ ಏನ ಹೋಗ್ತದ ಅಂದ್ಕೊಂಡಿದ್ದೆ."

ಅವ್ವ ತಲೆ ಎತ್ತಲಿಲ್ಲ, ಬರೆಯುತ್ತಿದ್ದಳು. ಅಕ್ಷರಗಳು ಗುಳ್ಳೆ ದಾಟಿ ಬೆಕ್ಕಿನ ಮೀಸೆಯ ಮೇಲೆ ಹೋಗುತ್ತಿದ್ದವು. ನಾನು ಪೆನ್ಸಿಲ್ ಹೆರೆದು ಕೊಡುತ್ತಾ ಕೂತೆ.