ಬಾಣಂತಿ ಬುತ್ತಿಯ ಡಬ್ಬಿಗಳು

ನನ್ನ ಬಾಯಿ ಜೋರು ಎಂದು ಹೈದರಾಬಾದಿನ ಕುಷಾಯಿಗೂಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮದುವೆಯಾಗಿ ಧಾರವಾಡದಿಂದ ಇಲ್ಲಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದ ಹೊಸದರಲ್ಲಿ ನಾನು ಮೊದಲು ಕಲಿತದ್ದು ನೀರಿನ ಸರದಿಗಾಗಿ ತೆಲುಗಿನಲ್ಲಿ ಜಗಳವಾಡುವುದನ್ನು. ತೆಲುಗಿನಲ್ಲಿ ಮಾತಾಡಲು ಕಲಿತದ್ದು ಆಮೇಲೆ. ಗೆದ್ದ ಜಗಳಗಳೇ ಹೆಚ್ಚು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ನೆನಪಾದಾಗಲೆಲ್ಲ ಸೆರಗು ಸೊಂಟಕ್ಕೆ ಸಿಗಿಸಿ ಇನ್ನೊಮ್ಮೆ ಎದೆಯುಬ್ಬಿಸಿ ನಿಲ್ಲಬೇಕು ಅನ್ನಿಸುವಂಥ ಗೆಲುವು ಒಂದೇ. ಅದು ನಮ್ಮ ಸಂಘದ ಅಡುಗೆಮನೆ ಉಳಿದದ್ದು. ಅದನ್ನು ಉಳಿಸಿದ್ದು ನನ್ನ ಬಾಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರ್ಖಾನೆಯಲ್ಲಿ ದುಡಿದ ಕನ್ನಡದವರೆಲ್ಲ ಸೇರಿ ಕಟ್ಟಿಕೊಂಡ ಸಂಘ ನಮ್ಮದು. ಒಂದು ಹಾಲ್, ಅದರ ಹಿಂದೆ ಒಂದು ಅಡುಗೆಮನೆ. ರಾಜ್ಯೋತ್ಸವದ ದಿನ ಅಲ್ಲಿ ಕೇಸರಿಬಾತ್ ಮಾಡಿ, ಪಾತ್ರೆ ತೊಳೆದು ಬೀಗ ಹಾಕಿದರೆ ಮತ್ತೆ ಮುಂದಿನ ವರ್ಷವೇ ಅದರ ಬಾಗಿಲು ತೆರೆಯುತ್ತಿದ್ದುದು. ಅದಕ್ಕೆ ಜೀವ ಬಂದದ್ದು ಬಾಣಂತಿಯರಿಂದ. ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ, ಊರ ಸುತ್ತ ಏಳುತ್ತಿರುವ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಸಂಸಾರಗಳು ದುಡಿಯುತ್ತವೆ. ಆ ಮನೆಗಳ ಹೆಣ್ಣುಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತು, ಒಂದೇ ಕೋಣೆಯ ಬಾಡಿಗೆ ಮನೆಗೆ ಮರಳುತ್ತಾರೆ. ತವರಿಗೆ ಹೋಗೋಣವೆಂದರೆ ತವರಿನವರೂ ಇನ್ನಾವುದೋ ಊರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ಗಂಡ ಪಾಳಿಗೆ ಹೋದನೆಂದರೆ ಹಸಿ ಮೈಯ ಹುಡುಗಿ ತಾನೇ ಎದ್ದು ಒಲೆ ಹಚ್ಚಬೇಕು. ಯಾರನ್ನೋ ನೋಡಲು ಆಸ್ಪತ್ರೆಗೆ ಹೋದಾಗ ಅಂಥವಳೊಬ್ಬಳು ಹೆತ್ತ ಮರುದಿನ ಚಹಾದಲ್ಲಿ ಬಿಸ್ಕಿಟ್ ಅದ್ದಿಕೊಂಡು ತಿನ್ನುತ್ತಿದ್ದಳು. ಅದನ್ನು ನೋಡಿ ನನ್ನ ಕರುಳು ಚುರ್ ಅಂದಿತು. ಮನೆಗೆ ಬಂದವಳೇ ಇಡೀ ಕಾಲೊನಿಯ ಹೆಂಗಸರನ್ನು ಕೂಡಿಸಿಕೊಂಡು ಕೂಗಾಡಿದೆ.

ಕೂಗಾಟದಿಂದ ಹುಟ್ಟಿದ್ದೇ ಬಾಣಂತಿ ಬುತ್ತಿ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಚಟ್ನಿ, ಒಂದು ದಿನ ಎದೆಹಾಲು ಹೆಚ್ಚಿಸುವ ಅಳ್ವಿ ಬೀಜದ ಪಾಯಸ, ಇನ್ನೊಂದು ದಿನ ಉತ್ತತ್ತಿ ಹಾಕಿದ ಅಂಟಿನುಂಡಿ. ನಮ್ಮ ನಮ್ಮ ಅವ್ವಂದಿರು ನಮಗೆ ತಿನ್ನಿಸಿದ್ದನ್ನೇ ಮೂರಂತಸ್ತಿನ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ ಕಳಿಸುತ್ತಿದ್ದೆವು. ಡಬ್ಬಿಗಳನ್ನು ಸಂಘದವರು ಮನೆಮನೆಯಿಂದ ಚಂದಾ ಎತ್ತಿ ಕೊಂಡಿದ್ದರು. ಒಯ್ಯುವವನು ನಮ್ಮ ಬೀದಿಯ ಆಟೋದವನು, ಹಳೇ ಪಟ್ಟಣದ ಮುಸಲ್ಮಾನ. ಪೆಟ್ರೋಲಿನ ಖರ್ಚು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ತನ್ನ ಹೆಂಡತಿಯ ಹೆರಿಗೆಯಲ್ಲಿ ಯಾರೋ ಹೀಗೇ ನೋಡಿಕೊಂಡಿದ್ದರಂತೆ, ಅದಕ್ಕೆ.

ಎಲ್ಲ ಸರಿಯಾಗಿ ನಡೆಯಿತು, ಡಬ್ಬಿಗಳ ವಿಷಯವೊಂದನ್ನು ಬಿಟ್ಟು. ಹೋದ ಡಬ್ಬಿ ಹಿಂದಿರುಗುತ್ತಿರಲಿಲ್ಲ. ಆಟೋದವನು ದಿನಾ ಹೊಸ ಡಬ್ಬಿ ಕೊಟ್ಟು ಹಳೆಯದನ್ನು ಕೇಳುತ್ತಿದ್ದ, ದಿನಾ ಬರಿಗೈಯಲ್ಲಿ ಬರುತ್ತಿದ್ದ. ಕೇಳಿದರೆ ಅವನದು ಒಂದೇ ಉತ್ತರ: "ಕಲ್ ದೇತೇ ಬೋಲ್‌ರೇ ಅಮ್ಮಾ." ನಾಳೆ ಕೊಡುತ್ತಾರಂತೆ. ಆ ನಾಳೆ ಬರಲೇ ಇಲ್ಲ. ನಮ್ಮ ಮನೆಯ ಡಬ್ಬಿಗಳನ್ನೂ ಅಕ್ಕಪಕ್ಕದವರ ಡಬ್ಬಿಗಳನ್ನೂ ಹಾಕಿ ನೋಡಿದೆವು. ಅವೂ ಹೋದವು.

ಸಂಘದ ಅಧ್ಯಕ್ಷರು ನನ್ನ ಗಂಡನ ಜೊತೆ ಕಾರ್ಖಾನೆಯ ಸ್ಟೋರಿನಲ್ಲಿ ದುಡಿದವರು. ಒಂದು ಸ್ಕ್ರೂ ಕಳೆದರೂ ರಾತ್ರಿ ನಿದ್ದೆ ಮಾಡದ ಜಾತಿ. ಕೆಟ್ಟವರಲ್ಲ, ಆದರೆ ಹೋದ ಸಾಮಾನು ಮರಳಿ ಬರಬೇಕು ಎಂಬುದೇ ಅವರ ದೊಡ್ಡ ಸಿದ್ಧಾಂತ. ಕಮಿಟಿಯಲ್ಲಿ ಯಾರೋ ಡಬ್ಬಿಗಳು ಗುಜರಿ ಅಂಗಡಿಗೆ ಹೋಗುತ್ತಿವೆ ಎಂದರು, ಇನ್ಯಾರೋ ಆಟೋದವನ ಕಡೆ ಬೆರಳು ತೋರಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದರಾಯಿತು ಎಂದವರೂ ಇದ್ದರು. ಕುದಿಯುವ ಮೆಣಸಿನ ಸಾರನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಾಣಂತಿಗೆ ಕುಡಿಸುವುದಾದರೆ ಮೊದಲು ನಿಮ್ಮ ಸೊಸೆಯಂದಿರಿಗೆ ಕುಡಿಸಿ ಎಂದು ನಾನೂ ಚೆನ್ನಾಗಿಯೇ ಝಾಡಿಸಿದೆ. ಅಧ್ಯಕ್ಷರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ವೈನಿ, ಡಬ್ಬಿ ಬಂದ್ರ ಅಡಗಿಮನಿ ಇರ್ತೈತಿ. ಇಲ್ಲಂದ್ರ ಬರೂ ಐತವಾರ ಮೀಟಿಂಗಿನ್ಯಾಗ ಕೀಲಿಕೈ ನನ್ನ ಕೈಯಾಗ ಇಡ್ರಿ," ಎಂದರು.

ಅವರ ಮೇಲಿನ ಸಿಟ್ಟಿಗಿಂತ ಬಾಣಂತಿಯರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಉಣ್ಣಲು ಕೊಟ್ಟರೆ ತಟ್ಟೆಯನ್ನೇ ಇಟ್ಟುಕೊಳ್ಳುವುದೆಂದರೇನು? ಆಗ ಜೀಡಿಮೆಟ್ಲಾದಲ್ಲಿ ರಾಯಚೂರು ಕಡೆಯ ಒಬ್ಬ ಹುಡುಗಿಗೆ ನಮ್ಮ ಬುತ್ತಿ ಹೋಗುತ್ತಿತ್ತು. ಚೊಚ್ಚಲ ಹೆರಿಗೆ, ಹಗುರ ಕೂಸು. ಎದೆಯಲ್ಲಿ ಹಾಲಿಲ್ಲದೆ ಕೂಸು ಅತ್ತು ಅತ್ತು ಸೊರಗಿತ್ತು. ನಮ್ಮ ಅಳ್ವಿ ಪಾಯಸ, ಬೆಳ್ಳುಳ್ಳಿ ಹೊಟ್ಟೆಗೆ ಬಿದ್ದ ಮೇಲೆ ಆಗತಾನೇ ಹಾಲು ಇಳಿಯತೊಡಗಿತ್ತು. ಅಡುಗೆಮನೆಗೆ ಬೀಗ ಬಿದ್ದರೆ ಅವಳು ಮತ್ತೆ ಚಹಾ ಬಿಸ್ಕಿಟ್ಟಿಗೇ ಹೋಗಬೇಕು. ಇಷ್ಟೆಲ್ಲ ಉಂಡೂ ಡಬ್ಬಿ ಇಟ್ಟುಕೊಂಡಿದ್ದಾಳಲ್ಲ ಎಂದು ಕುದಿಯುತ್ತಾ ಅವತ್ತು ಆಟೋದಲ್ಲಿ ನಾನೇ ಹೋಗಿ ಕುಳಿತೆ.

ಔಷಧಿ ಕಾರ್ಖಾನೆಯ ಶೆಡ್ಡುಗಳ ಹಿಂದೆ ಸಾಲು ಕೋಣೆಗಳು. ಅದರ ಘಾಟು ಮೂಗಿಗೆ ಹೊಡೆಯುತ್ತಿತ್ತು. ಬಾಗಿಲಲ್ಲಿ ನಿಂತು ಏನು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಗೋಡೆಗೆ ಒತ್ತಿ ನಮ್ಮ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಬೂದಿ ಹಚ್ಚಿ ತಿಕ್ಕಿದ್ದಕ್ಕೆ ನಮ್ಮಲ್ಲಿದ್ದಾಗಿನದಕ್ಕಿಂತ ಹೆಚ್ಚು ಹೊಳೆಯುತ್ತಿದ್ದವು. ಧೂಳು ಕೂರದಂತೆ ಮೇಲೆ ಒಗೆದ ಹಳೆ ಸೀರೆಯ ತುಂಡು ಹೊದಿಸಿತ್ತು. ಅವಳು ಮಾತ್ರ ನೆಗ್ಗಿದ ಅಲ್ಯೂಮಿನಿಯಂ ತಂಬಿಗೆಯಲ್ಲಿ ನೀರು ಕುಡಿಯುತ್ತಿದ್ದಳು. ನಮ್ಮ ಒಂದು ಡಬ್ಬಿಯನ್ನೂ ಸ್ವಂತಕ್ಕೆ ಮುಟ್ಟಿರಲಿಲ್ಲ.

ಮತ್ತೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಜೋರಾಗಿ ಕೇಳಬೇಕೆಂದಿದ್ದ ಮಾತು ಮೆಲ್ಲಗೆ ಹೊರಬಿತ್ತು. ಅವಳು ಕೂಸಿನ ತಲೆ ಸವರುತ್ತಾ ನೆಲ ನೋಡಿದಳು.

"ಬರಿ ಡಬ್ಬಿ ಹೆಂಗ ಕೊಡೂದ್ರಿ ಅಕ್ಕಾರ? ಉಂಡ ಡಬ್ಬಿ ಖಾಲಿ ಕಳಸಬಾರದಂತ ನಮ್ಮವ್ವ ಹೇಳ್ತಿದ್ಲು. ನಿಮ್ಮ ಡಬ್ಬ್ಯಾಗ ಹಾಕೂವಂಥಾದ್ದು ನಮ್ಮನ್ಯಾಗ ಏನೂ ಇದ್ದಿಲ್ರಿ. ಪಗಾರ ಆದ ಮ್ಯಾಲ ಒಂದೀಟು ಸಕ್ರಿ ತಂದು ಹಾಕಿ ಕೊಡೂಣು ಅಂತ ಇಟ್ಟೀನಿ."

ನಾನು ಹಾಗೇ ನೆಲದ ಮೇಲೆ ಕುಳಿತೆ. ನಮ್ಮವ್ವ ನೆರೆಮನೆಯ ಬಟ್ಟಲನ್ನು ಎಂದಾದರೂ ಖಾಲಿ ಮರಳಿಸಿದ್ದುಂಟೇ? ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ತಳಕ್ಕೆ ಉದುರಿಸಿ ನನ್ನ ಕೈಗೆ ಕೊಡುತ್ತಿದ್ದಳು. ಇಲ್ಲಿಯೂ ಪಕ್ಕದ ತೆಲುಗಿನಮ್ಮನ ಪುಳಿಹೋರ ಬಂದ ಡಬ್ಬಿ ನಮ್ಮ ಚಟ್ನಿಪುಡಿ ಹೊತ್ತುಕೊಂಡೇ ಮರಳುತ್ತದೆ. ಹೀಗಿದ್ದೂ ಬಾಣಂತಿ ಬುತ್ತಿಯ ಡಬ್ಬಿಗೆ ಆ ಪದ್ಧತಿ ಹೊಂದುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾವು ಸಹಾಯ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು, ಅವರು ನಮ್ಮನ್ನು ನೆರೆಮನೆಯವರು ಎಂದುಕೊಂಡಿದ್ದರು. ನನಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. ಹುಡುಗಿ ಗಾಬರಿಯಾಗಿ ಅದೇ ನೆಗ್ಗಿದ ತಂಬಿಗೆಯಲ್ಲಿ ನೀರು ಕೊಟ್ಟಳು.

ಮೂಗು ಒರೆಸಿಕೊಂಡು ಭಾನುವಾರದ ಮೀಟಿಂಗಿನ ವಿಷಯ ಹೇಳಿದೆ. ಡಬ್ಬಿ ಬರದಿದ್ದರೆ ಅಡುಗೆಮನೆ ಮುಚ್ಚುತ್ತದೆ, ಏನಾದರೂ ಹಾಕಿ ಕೊಡು, ಒಂದು ಕರಿಬೇವಿನ ಎಲೆಯಾದರೂ ಸಾಕು ಎಂದೆ.

"ಒಂದು ಎಲಿ ಹಾಕಿದ್ರ ನಡಿತೈತೇನ್ರಿ?" ಎಂದು ಕೇಳಿದಳು.

"ನಮ್ಮನ್ಯಾಗ ನಡಿತೈತವ್ವ."

ಅವಳ ಮುಖ ತಿಳಿಯಾಯಿತು. ತನ್ನೊಬ್ಬಳ ಕತೆಯಲ್ಲ ಇದು, ಆಸ್ಪತ್ರೆಯಲ್ಲಿ ಪರಿಚಯವಾದ ಬಾಣಂತಿಯರೆಲ್ಲ ಹೀಗೇ ಡಬ್ಬಿ ತಿಕ್ಕಿ ಇಟ್ಟುಕೊಂಡು ನಾಚಿಕೆಯಿಂದ ಕುಳಿತಿದ್ದಾರೆ ಎಂದಳು. ಫೋನ್ ತೆಗೆದು, ಕೂಸಿಗೆ ಹಾಲು ಕುಡಿಸುತ್ತಲೇ ಒಬ್ಬೊಬ್ಬರಿಗೂ ಮಾತು ರೆಕಾರ್ಡ್ ಮಾಡಿ ಕಳಿಸತೊಡಗಿದಳು. ಅವಳು ಅಪ್ಪಣೆ ಕೊಡುವ ಧಾಟಿ ಕೇಳಿ ನನ್ನದೇ ದನಿ ಕೇಳಿದಂತಾಯಿತು.

ಭಾನುವಾರ ಬೆಳಿಗ್ಗೆ ಆಟೋದವನನ್ನು ಕಳಿಸಿ ಹಾಲಿನಲ್ಲಿ ಕುಳಿತೆ. ಅಧ್ಯಕ್ಷರ ಮುಂದೆ ಮೇಜಿನ ಮೇಲೆ ಕೀಲಿಕೈ ನಾನೇ ಇಟ್ಟಿದ್ದೆ. ಜಂಬದಿಂದ ಇಟ್ಟೆನಾದರೂ ಹೊತ್ತು ಹೋದಂತೆ ಮತ್ತೆ ಮತ್ತೆ ಬಾಗಿಲ ಕಡೆ ನೋಡತೊಡಗಿದೆ. ಎಲ್ಲಾ ಐಟಂ ಮುಗಿದು ಅಡುಗೆಮನೆಯ ಮಾತು ಬಂತು. ಆ ಕೋಣೆ ಟ್ಯೂಷನ್‌ನವರಿಗೆ ಬೇಕಂತೆ, ಒಳ್ಳೆ ಬಾಡಿಗೆ ಕೊಡುತ್ತಾರಂತೆ ಎಂದು ಒಬ್ಬರು ಆಗಲೇ ಗಂಟಲು ಸರಿಮಾಡಿಕೊಂಡಿದ್ದರು. ಅಧ್ಯಕ್ಷರು ನನ್ನ ಮುಖ ನೋಡದೆ ಕೀಲಿಕೈಯತ್ತ ಕೈ ಚಾಚಿದರು.

ಆಗ ಬೀದಿಯಲ್ಲಿ ಗಲಗಲ ಸದ್ದು. ನಮ್ಮ ಆಟೋ ಬಂದು ನಿಂತಿತು, ಅದರ ಹಿಂದೆ ಇನ್ನೊಂದು ಆಟೋ. ಒಳಗೆ ಕೂರಲು ಜಾಗವಿಲ್ಲದಂತೆ ಡಬ್ಬಿಗಳು. ನಮ್ಮವನ ತೊಡೆಯ ಮೇಲೂ ಡಬ್ಬಿ, ಕಾಲ ಸಂದಿಯಲ್ಲೂ ಡಬ್ಬಿ. ತನ್ನ ಕಡೆ ಬೆರಳು ತೋರಿಸಿದವರ ಮುಂದೆಯೇ ಅವನು ಒಂದೊಂದನ್ನೂ ಇಳಿಸಿ ಮೇಜಿನ ಮೇಲೆ ಇಟ್ಟ. ಮೇಜು ಸಾಲದೆ ನೆಲದ ಮೇಲೂ ಜೋಡಿಸಿದ.

ಅಧ್ಯಕ್ಷರು ಎಣಿಸಲೆಂದು ಎದ್ದವರು, ಡಬ್ಬಿಯೊಳಗೆ ಏನೋ ಇದೆಯಲ್ಲ ಎಂದು ಮುಚ್ಚಳ ತೆಗೆದರು. ಕರಿಬೇವು. ಇನ್ನೊಂದರಲ್ಲಿ ಹಿಡಿ ಜೋಳ, ಮತ್ತೊಂದರಲ್ಲಿ ಹುಣಸೆಹಣ್ಣು, ಬೆಲ್ಲದ ಚೂರು, ನಾಲ್ಕು ಹಸಿಮೆಣಸಿನಕಾಯಿ, ಕಟ್ಟಡದ ಕಾಂಪೌಂಡಿನಲ್ಲಿ ಯಾರೋ ಬೆಳೆಸಿದ ಪುಂಡಿಸೊಪ್ಪು, ಒಂದು ಸೀತಾಫಲ, ಒಂದು ಚೆಂಡುಹೂ. ಬರುಬರುತ್ತಾ ಅವರು ಎಣಿಸುವುದನ್ನು ಮರೆತು ಮುಚ್ಚಳ ತೆಗೆಯುವುದರಲ್ಲೇ ಮುಳುಗಿಬಿಟ್ಟರು. ಒಂದರಲ್ಲಿ ಬಟ್ಟೆಯಲ್ಲಿ ಸುತ್ತಿದ ಕೋಳಿಮೊಟ್ಟೆ ಸಿಕ್ಕಿತು. ಜನ್ಮದಲ್ಲಿ ಮೊಟ್ಟೆ ಮುಟ್ಟದವರು ಅದನ್ನು ಕೈಯಲ್ಲಿ ಹಿಡಿದು, ಎಲ್ಲಿ ಇಡಬೇಕೆಂದು ತಿಳಿಯದೆ ಹಾಲ್ ತುಂಬ ಓಡಾಡಿದರು. ಕೊನೆಗೆ ಆಟೋದವನು ಅದನ್ನು ಇಸಿದುಕೊಂಡು ಜೋಪಾನವಾಗಿ ಜೇಬಿಗಿಳಿಸಿದ. ಇಡೀ ಕಮಿಟಿ ನಕ್ಕಿತು.

ಕಡೆಯ ಡಬ್ಬಿಯಲ್ಲಿ ತಿನ್ನುವ ವಸ್ತು ಇರಲಿಲ್ಲ. ಹಳೆ ಸೀರೆಯ ಮೆತ್ತನೆ ಅಂಚಿನಲ್ಲಿ ಕೈಯಿಂದ ಹೊಲಿದ ಎಳೆಕೂಸಿನ ಕುಲಾವಿ ಇತ್ತು. ಮುಂದಿನ ಬಾಣಂತಿಯ ಕೂಸಿಗೆ ಹಾಕಬೇಕಂತೆ ಎಂದು ಆಟೋದವನು ಹೇಳಿದ. ಜೀಡಿಮೆಟ್ಲಾದಲ್ಲಿ ಡಬ್ಬಿಗಳಿಗೆ ಹೊದಿಸಿದ್ದ ಸೀರೆಯ ಬಣ್ಣ ನೋಡಿದ್ದ ನನಗೆ ಅದು ಯಾರು ಹೊಲಿದದ್ದೆಂದು ಕೇಳಬೇಕಾಗಿರಲಿಲ್ಲ. ಅಧ್ಯಕ್ಷರು ಅದನ್ನು ತಮ್ಮ ಮುಷ್ಟಿಗೆ ತೊಡಿಸಿ ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ಕನ್ನಡಕ ಒರೆಸಿಕೊಂಡರು. ಆಮೇಲೆ ಕೀಲಿಕೈಯನ್ನು ನನ್ನ ಕಡೆ ಸರಿಸಿ, ವೈನಿ, ಪುಂಡಿಪಲ್ಯ ಬಾಡೂದರಾಗ ಒಲಿ ಹಚ್ಚಿರಿ ಎಂದರು. ಅವತ್ತು ಆ ಪುಂಡಿಯನ್ನು ಆ ಮೆಣಸಿನಕಾಯಿ ಹಾಕಿಯೇ ಮಾಡಿದೆ, ಆ ಜೋಳದ್ದೇ ನುಚ್ಚು. ಅಧ್ಯಕ್ಷರು ಎರಡು ಸಲ ಬಡಿಸಿಕೊಂಡರು. ನನಗಾದ ಸಂತೋಷಕ್ಕೆ ಉಣ್ಣಲೇ ಆಗಲಿಲ್ಲ.

ಆಮೇಲೆ ಒಂದು ಡಬ್ಬಿಯೂ ಉಳಿದುಕೊಳ್ಳಲಿಲ್ಲ, ಒಂದೂ ಖಾಲಿ ಬರಲಿಲ್ಲ. ಬುತ್ತಿ ಕೇಳುವ ಮನೆಗಳು ಹೆಚ್ಚಾದವು, ನನ್ನ ಮೊಣಕಾಲು ನೋವೂ ಹೆಚ್ಚಾಯಿತು. ಸಂಬಳ ಕೊಟ್ಟು ಅಡುಗೆಯವರೊಬ್ಬರನ್ನು ಇಟ್ಟುಕೊಳ್ಳಿ ಎಂದು ಕಮಿಟಿಯೇ ಹೇಳಿತು. ಬಂದು ಕೇಳಿದವರಲ್ಲಿ ಒಬ್ಬರ ಕೈರುಚಿಯೂ ನನಗೆ ಹಿಡಿಸಲಿಲ್ಲ.

ಜೀಡಿಮೆಟ್ಲಾದ ಹುಡುಗಿ ಒಂದು ಮಧ್ಯಾಹ್ನ ತಾನೇ ಅಡುಗೆಮನೆಗೆ ಬಂದಳು. ಸೊಂಟದ ಮೇಲೆ ಕೂಸು, ತೊಡೆ ದುಂಡಗಾಗಿ, ಕೆನ್ನೆ ಜೋತು, ಗುರುತೇ ಸಿಗದಂತಾಗಿತ್ತು. ಕೈಯಲ್ಲಿ ಅವರ ಮನೆಯದೇ ಒಂದು ಡಬ್ಬಿ. ಬಿಸಿ ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ನಿಂತಲ್ಲೇ ಮುರಿದು ತಿಂದೆ. ಕಣ್ಣು ಮುಚ್ಚಿಕೊಂಡರೆ ಧಾರವಾಡದ ನಮ್ಮ ಒಲೆಯ ಮುಂದೆ ಕುಳಿತಂತಿತ್ತು. ಮತ್ತೆ ಕಾರ್ಖಾನೆಯ ಪ್ಯಾಕಿಂಗ್ ಕೆಲಸಕ್ಕೆ ಹೋಗಬೇಕು, ಕೂಸನ್ನು ಎಲ್ಲಿ ಬಿಡುವುದೋ ತಿಳಿಯುತ್ತಿಲ್ಲ ಎಂದು ಅವಳು ಹೇಳುತ್ತಿದ್ದಳು.

ತಿಂದು ಮುಗಿಸಿ ಅವಳ ಡಬ್ಬಿಯನ್ನು ತೊಳೆದೆ, ಒರೆಸಿದೆ. ಸಕ್ಕರೆ ಡಬ್ಬ ತೆಗೆದರೆ ಅವತ್ತೇ ಮುಗಿದಿತ್ತು. ಗೋಡೆಯ ಮೊಳೆಯ ಕಡೆ ನೋಡಿದೆ. ಅಲ್ಲಿಂದ ಅಡುಗೆಮನೆಯ ಎರಡನೇ ಕೀಲಿಕೈ ತೆಗೆದು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಕೊಟ್ಟೆ. ಖಣ್ ಎಂದ ಸದ್ದಿಗೆ ಅವಳು ತೆರೆದು ನೋಡಿದಳು, ನನ್ನ ಮುಖ ನೋಡಿದಳು.

"ಬರಿ ಡಬ್ಬಿ ಹೆಂಗ ಕೊಡೂದವ್ವ?" ಎಂದೆ.

ಮರುದಿನ ನಾನು ಹೋಗುವಷ್ಟರಲ್ಲಿ ಬೀಗ ತೆಗೆದಿತ್ತು. ಕಿಟಕಿಯ ಸರಳಿಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ, ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಷ್ಟು ಮನೆಯ ಬಾಣಂತಿಯರು ಹಸಿದು ಕುಳಿತಿರುವಾಗ ಇಷ್ಟು ತಡ ಮಾಡಿ ಬರುವುದೇ ಎಂದು ನನ್ನನ್ನೇ ಗದರಿಸಿದಳು. ಎದುರು ಮಾತಾಡದೆ ಕೈ ತೊಳೆದುಕೊಂಡು ಸಬ್ಬಸಿಗೆ ಸೋಸಲು ಕುಳಿತೆ.